ಯಾರ ಪೈಕಿ ಅಂತ?

ಕಲಬುರಗಿಯ ಕೋರ್ಟಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಮಷೀನು, ಒಂದು ಕಂಪ್ಯೂಟರು, ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಲು ಒಬ್ಬ ಹುಡುಗ, ಹೊರಗೆ ಕಾಲು ಅಲುಗಾಡುವ ಒಂದು ಬೆಂಚು. ನಮ್ಮೂರ ಬಿಸಿಲಿನಲ್ಲಿ ತಗಡಿನ ಕೆಳಗೆ ಎರಡು ಮಷೀನು ಹಚ್ಚಿಕೊಂಡು ಕೂತರೆ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಳೆಗಳು ಹಂಚಿನ ಮೇಲಿಂದ ತೆಗೆದ ರೊಟ್ಟಿಯ ಹಾಗೆ ಬಿಸಿಬಿಸಿ ಬರುತ್ತವೆ.

ಬೆಂಚಿನ ಮೇಲೆ ಬೆಳಗಿನ ಹೊತ್ತು ಯಾರಾದರೂ ಇದ್ದೇ ಇರುತ್ತಾರೆ. ತಾರೀಖಿಗೆ ಬಂದವರು, ವಕೀಲರ ಗುಮಾಸ್ತರು, ಜಾಮೀನಿಗೆ ನಿಲ್ಲಲು ಊರಿಂದ ಪಹಣಿ ಹಿಡಿದುಕೊಂಡು ಬಂದ ಕಾಕಾಗಳು. ಎರಡು ಪೇಪರ್ ತರಿಸುತ್ತೇನೆ. ಒಬ್ಬರು ಜೋರಾಗಿ ಓದುತ್ತಾರೆ, ಉಳಿದವರು ಚಹಾ ಕುಡಿಯುತ್ತಾ ಕೇಳುತ್ತಾರೆ. ರಾಜಕೀಯದ ಸುದ್ದಿಗೆ ನಗು, ತೊಗರಿ ದರಕ್ಕೆ ಬೈಗುಳ. ಕೊಲೆಯ ಸುದ್ದಿ ಬಂದರೆ ಮಾತ್ರ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ಯಾರೋ ಒಬ್ಬರು ಕೇಳುತ್ತಾರೆ:

"ಯಾರ ಪೈಕಿ ಅಂತ?"

ಎಲ್ಲಿ, ಯಾವಾಗ, ಎದಕ್ಕೆ ಎನ್ನುವುದೆಲ್ಲ ಆಮೇಲೆ. ಪೇಪರಿನವರು ಅದನ್ನು ಬರೆಯುವುದಿಲ್ಲ, ಹಾಗಾಗಿ ಬೆಂಚಿನವರು ಹೆಸರು ನೋಡಿ, ಅಡ್ಡಹೆಸರು ನೋಡಿ, ಊರು ನೋಡಿ ಲೆಕ್ಕ ಹಾಕುತ್ತಾರೆ. ಸತ್ತವನು ಯಾರ ಪೈಕಿ, ಹೊಡೆದವನು ಯಾರ ಪೈಕಿ ಎಂದು ಗೊತ್ತಾಗುವ ತನಕ ಎಷ್ಟು ಲೊಚ್ ಅನ್ನಬೇಕು ಎಂಬುದೂ ತೀರ್ಮಾನವಾಗುವುದಿಲ್ಲ. ನಮ್ಮವನು ಸತ್ತಿದ್ದರೆ ಸಿಟ್ಟು. ನಮ್ಮವನೇ ಹೊಡೆದಿದ್ದರೆ, "ಅಂವಾ ಸುಮ್ಮಸುಮ್ಮನ ಹೊಡೀತಾನೇನು, ಏನರೆ ಮಾಡಿರಬೇಕು." ಎರಡೂ ಕಡೆ ಬೇರೆಯವರೇ ಆಗಿದ್ದರೆ ಪುಟ ತಿರುಗಿಸುತ್ತಾರೆ. "ಅವರವರೇ ಬಡಕೊಂಡಾರ ಬಿಡು." ಇದನ್ನು ನಾನು ಬೇರೆಯವರ ದೂರಾಗಿ ಬರೆಯುತ್ತಿಲ್ಲ. ಅಂಗಡಿ ನನ್ನದು, ಬೆಂಚು ನನ್ನದು, ಪ್ರಶ್ನೆಯನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ.

2025ರ ಜನವರಿ 16, ಗುರುವಾರ. ಬೀದರಿನಲ್ಲಿ ಎಟಿಎಂಗೆ ಹಾಕಲು ಹಣ ತಂದಿದ್ದವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಹಾಡಹಗಲೇ ಗುಂಡು ಹಾರಿಸಿ ಹಣದ ಪೆಟ್ಟಿಗೆ ಒಯ್ದರು. ಒಬ್ಬ ಸಿಬ್ಬಂದಿ ಸತ್ತ, ಇನ್ನೊಬ್ಬನಿಗೆ ಗಾಯ. ಮರುದಿನದ ಪೇಪರಿಗೆ ಕಾಯುವ ಕೆಲಸವೇ ಇರಲಿಲ್ಲ. ವಿಡಿಯೋ ಮಧ್ಯಾಹ್ನಕ್ಕೆ ನನ್ನ ಮೊಬೈಲಿನಲ್ಲಿತ್ತು. ಪೆಟ್ಟಿಗೆಯನ್ನು ಬೈಕಿನ ಮೇಲೆ ಹೇರಲು ಅವರಿಬ್ಬರು ಒದ್ದಾಡುವುದು, ದೂರದಿಂದ ಯಾರೋ ಕಲ್ಲು ಎಸೆಯುವುದು.

ಅಕ್ಕನ ಮನೆ ಬೀದರಿನಲ್ಲೇ. ಕೈ ನಡುಗುತ್ತಲೇ ಫೋನ್ ಹಚ್ಚಿದೆ.

"ಅಕ್ಕಾ, ಆರಾಮ ಅದಿಯಿಲ್ಲ?"

"ನಾ ಮನ್ಯಾಗೇ ಅದೀನೋ. ಹುಡುಗುರು ಸಾಲಿಗಿ ಹೋಗ್ಯಾರ, ಮಾಮಾ ಆಫೀಸಿಗಿ ಹೋಗ್ಯಾರ. ಯಾಕ, ಏನಾಯ್ತು?"

ಅದೇ ಊರಿನಲ್ಲಿದ್ದ ಅವಳಿಗೆ ಸುದ್ದಿ ಹೇಳಿದವನು ಕಲಬುರಗಿಯಲ್ಲಿ ಕೂತ ನಾನು. ಅವಳ ದನಿ ಕೇಳಿದ ಮೇಲೆ ಎದೆ ಹಗುರಾಯಿತು. ಹಗುರಾದ ಮೇಲೆ ನಾನು ಮಾಡಿದ್ದೇನು? ವಿಡಿಯೋ ಮತ್ತೆ ನೋಡಿದೆ. ಇನ್ನೊಮ್ಮೆ ನೋಡಿದೆ. ಬೆಂಚಿನವರಿಗೆ ತೋರಿಸಿದೆ. ಎಷ್ಟು ಲಕ್ಷ ಇತ್ತು, ಯಾವ ಪಿಸ್ತೂಲು, ಎಲ್ಲಿಯ ಗ್ಯಾಂಗು ಎಂದು ಸಂಜೆಯ ತನಕ ವಾದ. ಅದೇ ಸಂಜೆ ಅವರು ಹೈದರಾಬಾದಿನ ಅಫ್ಜಲ್‌ಗಂಜಿನಲ್ಲೂ ಗುಂಡು ಹಾರಿಸಿ ತಪ್ಪಿಸಿಕೊಂಡರು ಎಂದು ಗೊತ್ತಾದಾಗ ವಾದಕ್ಕೆ ಇನ್ನಷ್ಟು ಎಣ್ಣೆ ಬಿತ್ತು. ವಾರ ಬಿಟ್ಟು ಟೈಪ್ ಮಾಡುವ ಹುಡುಗ ಕೇಳಿದ, "ಅಣ್ಣಾ, ಸತ್ತಾಂವನ ಹೆಸರೇನಿತ್ತು?" ಹಣದ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಹೆಸರು ನೆನಪಿಗೆ ಬರಲಿಲ್ಲ. ಬೆಂಚಿನ ಮೇಲೂ ಯಾರಿಗೂ ಬರಲಿಲ್ಲ.

ನನ್ನ ಕಸುಬಿನಿಂದಾಗಿ ಒಂದೇ ಕೊಲೆಯನ್ನು ಎರಡು ಸಲ ಓದುತ್ತೇನೆ. ಮೊದಲು ಪೇಪರಿನಲ್ಲಿ, ಆಮೇಲೆ ತಿಂಗಳುಗಳು ಕಳೆದು ಜೆರಾಕ್ಸಿಗೆ ಬರುವ ಕಾಗದದಲ್ಲಿ. ಎರಡರ ಕನ್ನಡವೂ ಬೇರೆ. ಪೇಪರಿನಲ್ಲಿ ಕೊಲೆ ಎಂಬ ಪದ ಒಂಟಿಯಾಗಿ ಬರುವುದೇ ಇಲ್ಲ. ಭೀಕರ ಕೊಲೆ, ಬರ್ಬರ ಕೊಲೆ. ಜನ ಬೆಚ್ಚಿಬೀಳುತ್ತಾರೆ, ನೆತ್ತರು ಹರಿಯುತ್ತದೆ, ದುಷ್ಕರ್ಮಿಗಳು ಪರಾರಿಯಾಗುತ್ತಾರೆ. ಇವೆಲ್ಲ ಸವೆದ ನಾಣ್ಯಗಳು, ಓದಿದರೆ ಯಾರೂ ಬೆಚ್ಚುವುದಿಲ್ಲ. ನನಗೆ ಹೆಚ್ಚು ಸಿಟ್ಟು ಬರುವುದು "ಕ್ಷುಲ್ಲಕ ಕಾರಣಕ್ಕೆ" ಎಂಬ ಮಾತಿನ ಮೇಲೆ. ಬದುವಿನ ಜಗಳ ಕ್ಷುಲ್ಲಕ, ಐದುನೂರು ರೂಪಾಯಿ ಸಾಲ ಕ್ಷುಲ್ಲಕ, ಮದುವೆಯ ಊಟದ ಪಂಕ್ತಿಯಲ್ಲಿ ಆದ ಅವಮಾನ ಕ್ಷುಲ್ಲಕ. ಕೊಲ್ಲಲು ಕ್ಷುಲ್ಲಕವಲ್ಲದ ಕಾರಣ ಯಾವುದಿದೆಯೋ ನನಗಂತೂ ತಿಳಿಯದು. ಬದುವಿನ ಜಗಳ ಮೂರು ತಲೆಮಾರಿನದಾಗಿರುತ್ತದೆ. ಅದರ ದಾವೆಯ ಕಾಗದಗಳನ್ನೂ ನಾನೇ ಜೆರಾಕ್ಸ್ ಮಾಡಿರುತ್ತೇನೆ.

ಪೊಲೀಸರ ಕಾಗದದ ಕನ್ನಡ ಒಣಕಲು. ಫಿರ್ಯಾದಿ, ಆರೋಪಿತ, ಸದರಿ, ಪಂಚರ ಸಮಕ್ಷಮ. ಅವಾಚ್ಯ ಶಬ್ದಗಳಿಂದ ಬೈದು, ಜೀವದ ಬೆದರಿಕೆ ಹಾಕಿ. ಭೀಕರ ಎಂಬ ಪದ ಅಲ್ಲಿ ಇಲ್ಲ. ಚಪ್ಪಲಿ ಎಷ್ಟು ಅಡಿ ದೂರ ಬಿದ್ದಿತ್ತು ಎನ್ನುವುದು ಇರುತ್ತದೆ. ಇಂಥ ಕಾಗದ ಓದಿ ರಾತ್ರಿ ನಿದ್ದೆ ಬಾರದೆ ಹೊರಳಾಡಿದ್ದೇನೆ, ಪೇಪರ್ ಓದಿ ಎಂದೂ ಇಲ್ಲ. 2024ರ ಜುಲೈ 1ರಿಂದ ಹೊಸ ಕಾನೂನು ಬಂದು ಕಲಂಗಳ ಅಂಕಿ ಬದಲಾದವು, ನಮ್ಮ ಕಂಪ್ಯೂಟರಿನ ನಮೂನೆಗಳನ್ನೆಲ್ಲ ತಿದ್ದಬೇಕಾಯಿತು. ಕೊಲೆಯ ಕಲಂ 302 ಈಗ 103. ಅದಕ್ಕೂ ಹಿಂದಿನ ಘಟನೆಗಳು 302ರಲ್ಲೇ ನಡೆಯುತ್ತವೆ. ಹಳ್ಳಿಯಿಂದ ಬಂದವರ ಬಾಯಲ್ಲಿ ಮಾತ್ರ ಎಲ್ಲವೂ ಇನ್ನೂ "ತ್ರೀ ನಾಟ್ ಟೂ" ಕೇಸು.

ಅಂಥದೇ ಒಂದು ಹಳೆಯ 302ರ ಕಟ್ಟು ಹಿಡಿದುಕೊಂಡು ಒಬ್ಬ ತಾಯಿ ಬಂದಿದ್ದಳು. ಗುಮಾಸ್ತ ಕಳಿಸಿದ್ದ. ಸೆರಗಿನ ತುದಿಯಲ್ಲಿ ದುಡ್ಡು ಕಟ್ಟಿಕೊಂಡಿದ್ದಳು. ಹಾಳೆ ಹೊರಳಿಸುತ್ತ ಹೋದಂತೆ ನನಗೆ ಗುರುತು ಸಿಕ್ಕಿತು: ತೊಗರಿ ರಾಶಿಯ ಹೊತ್ತಿನಲ್ಲಿ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲಿ ಮಾಡುತ್ತಿದ್ದ ಹುಡುಗ, ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಹೊಡೆದು ಹಾಕಿದ್ದರು. ಕ್ಷುಲ್ಲಕ ಕಾರಣ, ಬರ್ಬರ ಕೊಲೆ. ಅದೇ ಬೆಂಚಿನ ಮೇಲೆ ಓದಿದ್ದೆವು. ಯಾರ ಪೈಕಿ ಎಂದು ಕೇಳಿದ್ದೆವು. ಎರಡೂ ಕಡೆ ಅವರವರೇ ಎಂದು ಗೊತ್ತಾಗಿ ಪುಟ ತಿರುಗಿಸಿದ್ದೆವು.

"ಯಪ್ಪಾ, ಇದರಾಗ ಏನೇನ್ ಬರ್ದಾರ, ಒಂಚೂರು ಓದಿ ಹೇಳ್ತಿ?"

ಅವಳ ಕೈಯಲ್ಲಿದ್ದದ್ದು ಸ್ಥಳ ಪಂಚನಾಮೆ. ಗಾಯದ ವಿವರ ಇದ್ದ ಸಾಲುಗಳನ್ನು ಹಾರಿಸಿ ಜಪ್ತಿ ಮಾಡಿದ ಸಾಮಾನಿನ ಪಟ್ಟಿಗೆ ಬಂದೆ. ಒಂದು ಜೊತೆ ಹವಾಯಿ ಚಪ್ಪಲಿ. ಒಂದು ಟವೆಲ್. ಗಾಜು ಒಡೆದ ಒಂದು ಮೊಬೈಲ್. ಒಂದು ಸ್ಟೀಲಿನ ಊಟದ ಡಬ್ಬಿ, ಮುಚ್ಚಳ ನಗ್ಗಿದ್ದು, ಅ.ಕಿ. 00-00.

"ಅದೇನಪ್ಪಾ ಕಡೀಕಿನ್ದು?"

"ಅಂದಾಜು ಕಿಮ್ಮತ್ತು, ಯವ್ವಾ."

ಎಷ್ಟು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

"ಡಬ್ಬಿದಾಗ ಏನಿತ್ತಂತ ಬರ್ದಾರ?"

"ಇಲ್ಲ ಯವ್ವಾ. ಡಬ್ಬಿ ಅಂತ ಅಷ್ಟೇ ಅದ."

"ಉಂಡಿದ್ದೋ ಇಲ್ಲೋ, ಅದೂ ಬರ್ದಿಲ್ಲ?"

"ಇಲ್ಲ."

ಅವಳು ಅಳಲಿಲ್ಲ. ಮಷೀನಿನ ಬೆಳಕು ಹಾಳೆಯ ಕೆಳಗೆ ಅತ್ತಿಂದಿತ್ತ ಓಡುವುದನ್ನೇ ನೋಡುತ್ತ ನಿಂತಳು. "ಅವತ್ತು ಪುಂಡಿಪಲ್ಯ ಮಾಡಿದ್ದೆ. ಎರಡು ರೊಟ್ಟಿ ಹೆಚ್ಚಿಗಿ ಹಾಕಿದ್ದೆ," ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚತೊಡಗಿದಳು. ಬ್ಯಾಡ ಯವ್ವಾ ಅಂದೆ. ಕೇಳಲಿಲ್ಲ, ಎಣಿಸಿ ಇಟ್ಟಳು.

ಅವಳು ಹೋದ ಮೇಲೆ ನನಗೆ ಬೀದರ್ ಜಿಲ್ಲೆಯ ಔರಾದ್ ಕಡೆಯ ಮುರ್ಕಿ ಎಂಬ ಹಳ್ಳಿಯಲ್ಲಿ ಆದದ್ದು ನೆನಪಾಯಿತು. ಯಾಕೆ ಅದೇ ನೆನಪಾಯಿತು ಎಂದು ಕೇಳಿದರೆ, ಅದರಲ್ಲಿ ನನ್ನದೂ ಒಂದು ಪಾಲಿದೆ ಎಂಬ ಗುಮಾನಿ ನನಗೆ.

2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ಸುದ್ದಿ ಊರೂರಿಗೆ ಹಬ್ಬಿತ್ತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ನೀವೂ ನೋಡಿರುತ್ತೀರಿ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ್ದ ಚಿತ್ರದ ತುಂಡು ಎಂದು ಆಮೇಲೆ ಗೊತ್ತಾಯಿತು. ಕಡೆಯಲ್ಲಿ ಮಗುವನ್ನು ವಾಪಸು ತಂದು ಬಿಟ್ಟು ಫಲಕ ತೋರಿಸುವ ಭಾಗವನ್ನು ಯಾರೋ ಕತ್ತರಿಸಿದ್ದರು. ಅದರ ಜೊತೆಗೊಂದು ಆಡಿಯೋ: ನೂರಾರು ಮಂದಿ ಇಳಿದಾರ, ಹುಡುಗುರನ್ನ ಹೊರಗ ಬಿಡಬ್ಯಾಡ್ರಿ. ನನ್ನ ಮಗಳಿಗೆ ಆಗ ಆರು ವರ್ಷ. ಓಣಿಯಲ್ಲಿ ಆಡುತ್ತಿದ್ದಳು. ಎದ್ದು ಹೋಗಿ ಅವಳನ್ನು ಒಳಗೆ ಕರೆದೆ. ಬಾಗಿಲಲ್ಲೇ ನಿಂತು ವಿಡಿಯೋ, ಆಡಿಯೋ ಎರಡನ್ನೂ ಮನೆತನದ ಗ್ರೂಪಿಗೆ ದಾಟಿಸಿದೆ. "ಎಲ್ಲಾರೂ ಹುಷಾರ್ ಇರ್ರಿ" ಅಂತ ಕೆಳಗೆ ನಾನೇ ಬರೆದೆ. ಆ ಗ್ರೂಪಿನಲ್ಲಿ ಔರಾದ್ ಕಡೆ ಕೊಟ್ಟ ಸೋದರತ್ತೆಯ ಮಕ್ಕಳೂ ಇದ್ದರು.

ಜುಲೈ 13ರಂದು ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬೀದರ್ ಜಿಲ್ಲೆಯ ಹಂದಿಕೇರಾ ಕಡೆ ಬಂದಿದ್ದರು. ಅವರಲ್ಲೊಬ್ಬ ಕತಾರಿನವನು. ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ. ಮಕ್ಕಳ ಕಳ್ಳರು ಎಂಬ ಕೂಗೆದ್ದಿತು. ಹೆದರಿ ಕಾರು ಓಡಿಸಿದರೆ, ಕಾರಿಗಿಂತ ಮೊದಲೇ ಸುದ್ದಿ ವಾಟ್ಸ್ಆ್ಯಪಿನಲ್ಲಿ ಮುರ್ಕಿಗೆ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು, ಕಾರು ಉರುಳಿತು. ಕಲ್ಲು, ಬಡಿಗೆ. ಬಿಡಿಸಲು ಬಂದ ಪೊಲೀಸರಿಗೂ ಏಟು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ಯುವಕನೊಬ್ಬ ಸತ್ತ, ಉಳಿದವರು ಬದುಕಿದ್ದೇ ಹೆಚ್ಚು. ಬಂಧಿತರಲ್ಲಿ ಗ್ರೂಪಿನ ಅಡ್ಮಿನ್ ಒಬ್ಬನೂ ಇದ್ದ.

ನಾನು ದಾಟಿಸಿದ್ದು ಅಲ್ಲಿಗೆ ತಲುಪಿತ್ತೇ? ಅದನ್ನು ಯಾರೂ ಹೇಳಲಾರರು. ಸೋದರತ್ತೆಯ ಮಗ ಅದನ್ನು ಮುಂದೆ ಕಳಿಸಿದನೋ ಇಲ್ಲವೋ ಎಂದು ಇವತ್ತಿನ ತನಕ ಅವನನ್ನು ಕೇಳಿಲ್ಲ. ಮದುವೆ, ಮುಂಜಿವೆಗಳಲ್ಲಿ ಸಿಗುತ್ತಾನೆ, ನಗುತ್ತಾನೆ, ನಾನೂ ನಗುತ್ತೇನೆ. ಕೇಳುವ ಧೈರ್ಯವಿಲ್ಲ ಅಂತಲೇ ಇಟ್ಟುಕೊಳ್ಳಿ. ಇದಕ್ಕೊಂದು ಪಂಚನಾಮೆ ಆಗಿದ್ದರೆ ಜಪ್ತಿಯ ಪಟ್ಟಿಯಲ್ಲಿ ನನ್ನ ಮೊಬೈಲೂ ಇರಬೇಕಿತ್ತು. ಆ ಕೊಲೆಯ ಸುದ್ದಿ ಬಂದ ದಿನ ನಾನು ಗ್ರೂಪಿಗೆ ಹೋಗಿ ಮೆಸೇಜು ಅಳಿಸಲು ನೋಡಿದೆ. ಹೊತ್ತು ಮೀರಿತ್ತು, ನನ್ನ ಮೊಬೈಲಿನಿಂದ ಅಳಿಸಿತು, ಉಳಿದವರದರಲ್ಲಿ ಹಾಗೇ ಉಳಿಯಿತು.

ಮುರ್ಕಿಯಾಗಿ ನಾಲ್ಕು ದಿನಕ್ಕೆ, ಜುಲೈ 17ರಂದು, ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಗೊಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ಹೊಣೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವಾರ ವಾಟ್ಸ್ಆ್ಯಪಿನವರು, ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ದಾಟಿಸಲು ಬಾರದಂತೆ ಮಾಡುವುದಾಗಿ ಹೇಳಿದರು. ಹೊಸ ಕಾನೂನಿನ 103ರಲ್ಲಿ ಎರಡನೇ ಉಪಕಲಂ ಟೈಪ್ ಮಾಡುವಾಗ ನನ್ನ ಹುಡುಗ ನಿಲ್ಲಿಸಿ ಓದಿ ತೋರಿಸಿದ: ಐದು ಅಥವಾ ಹೆಚ್ಚು ಜನ ಸೇರಿ, ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ನಂಬಿಕೆಯ ಕಾರಣಕ್ಕೆ ಕೊಂದರೆ ಪ್ರತಿಯೊಬ್ಬನಿಗೂ ಮರಣದಂಡನೆ ಇಲ್ಲವೇ ಜೀವಾವಧಿ. ನಮ್ಮ ಬೆಂಚಿನ ಪ್ರಶ್ನೆ ಸರ್ಕಾರಿ ಭಾಷೆಯಲ್ಲಿ ಕಲಂ ಆಗಿ ಬಂದುಬಿಟ್ಟಿದೆ ಅನಿಸಿತು.

ಇನ್ನೊಂದು ದಿನವನ್ನೂ ಹೇಳಿಬಿಡುತ್ತೇನೆ. 2019ರ ಡಿಸೆಂಬರ್ 6. ಹೈದರಾಬಾದಿನ ಪಶುವೈದ್ಯೆಯ ಮೇಲೆ ಅತ್ಯಾಚಾರ ಮಾಡಿ ಕೊಂದು ಸುಟ್ಟ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ನಸುಕಿನಲ್ಲಿ ಗುಂಡಿಟ್ಟು ಕೊಂದ ದಿನ. ಅಲ್ಲಿ ಪೊಲೀಸರ ಮೇಲೆ ಹೂ ಸುರಿದರು. ಇಲ್ಲಿ ಒಬ್ಬ ಕಿರಿಯ ವಕೀಲ ಪೇಡೆ ಡಬ್ಬಿ ಹಿಡಿದು ಅಂಗಡಿ ಅಂಗಡಿಗೆ ಬಂದ. ನಾನು ತಿಂದೆ. ಖುಷಿಯಿಂದಲೇ ತಿಂದೆ, ಸುಳ್ಳು ಯಾಕೆ ಹೇಳಲಿ. ಆ ಹುಡುಗಿಯ ಸುದ್ದಿ ಓದಿ ಒಂದು ವಾರ ಮಗಳ ಮುಖ ನೋಡಲಾಗದೆ ಒದ್ದಾಡಿದ್ದೆ. ಬೆಂಚಿನ ಮೇಲೆ ನಮ್ಮ ಹಿರಿಯ ವಕೀಲ ಸಾಹೇಬರೊಬ್ಬರು ಕೂತಿದ್ದರು, ಎಪ್ಪತ್ತು ದಾಟಿದವರು. ಪೇಡೆ ಮುಟ್ಟಲಿಲ್ಲ. "ಹಂಗಾರ ಈ ಕೋರ್ಟ್ ಯಾಕ ಬೇಕ್ರಿ? ನಿಮ್ಮ ಮಷೀನೂ ಮಾರಿಬಿಡ್ರಿ, ನನ್ನ ಕೋಟೂ ಮಾರಿಬಿಡ್ತೀನಿ," ಎಂದರು. ಆ ದಿನ ಅವರ ಮೇಲೆ ನನಗೆ ಸಿಟ್ಟೇ ಬಂದಿತ್ತು. 2022ರಲ್ಲಿ, ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗದ ವರದಿ ಹೊರಬಂತು: ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರು, ಸತ್ತ ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತರು. ಪೇಪರಿನ ಒಳಪುಟದಲ್ಲಿತ್ತು. ಬೆಂಚಿನ ಮೇಲೆ ಯಾರೂ ಅದನ್ನು ಜೋರಾಗಿ ಓದಲಿಲ್ಲ.

ಆ ಹುಡುಗಿಯ ಫೋಟೋ ಮೇಣದಬತ್ತಿಯ ಚಿತ್ರದೊಂದಿಗೆ ಎಷ್ಟು ಗ್ರೂಪುಗಳಲ್ಲಿ ಬಂದಿತ್ತೋ. ಅತ್ಯಾಚಾರಕ್ಕೆ ಒಳಗಾದವರ ಗುರುತು, ಅವರು ಸತ್ತಿದ್ದರೂ, ಬಹಿರಂಗ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದರ ಹಿಂದಿನ ವರ್ಷವೇ, 2018ರ ಡಿಸೆಂಬರಿನಲ್ಲಿ, ಹೇಳಿತ್ತು. ನನ್ನ ಅಂಗಡಿಯಲ್ಲಿ ಅಂಥ ಕಾಗದ ಬಂದರೆ ಹುಡುಗನನ್ನು ಚಹಾಕ್ಕೆ ಕಳಿಸಿ ನಾನೇ ತೆಗೆಯುತ್ತೇನೆ, ಕೆಟ್ಟ ಪ್ರತಿಯನ್ನು ಹರಿದು ಹಾಕುತ್ತೇನೆ. ಅಂಗಡಿಯಲ್ಲಿ ಅಷ್ಟು ಜಾಗ್ರತೆ, ಮೊಬೈಲಿನಲ್ಲಿ ಮಾತ್ರ ಮೇಣದಬತ್ತಿ.

ಅದೇ ವಕೀಲ ಸಾಹೇಬರೊಂದಿಗೆ ಒಮ್ಮೆ ನಮ್ಮ ಅಜ್ಜಿಯ ಮಾತು ಬಂತು. ಅಜ್ಜಿಯ ತವರು ಬಸವಕಲ್ಯಾಣದ ಕಡೆ. ಪೇಪರ್ ಇಲ್ಲ, ಫೋನ್ ಇಲ್ಲ, ಆದರೂ 1948ರಲ್ಲಿ ಗೋರಟಾದಲ್ಲಿ ನಿಜಾಮನ ಪರದ ರಜಾಕಾರರು ಮಾಡಿದ ಕೊಲೆಗಳನ್ನು ನಿನ್ನೆ ಕಂಡವಳಂತೆ ಹೇಳುತ್ತಿದ್ದಳು. ಸುದ್ದಿ ಹೊತ್ತು ತಂದವನ ಧೋತರದ ಬಣ್ಣ ಕೂಡ ಅವಳಿಗೆ ನೆನಪಿತ್ತು. ಅದನ್ನು ಹೇಳಿ ಮುಗಿಸಿದಾಗ ವಕೀಲರು, "ಸೆಪ್ಟೆಂಬರ್ ಆದ ಮ್ಯಾಲಿಂದು ಏನ್ ಹೇಳ್ತಿದ್ರು ನಿಮ್ಮಜ್ಜಿ?" ಎಂದು ಕೇಳಿದರು. ಭಾರತದ ಸೈನ್ಯ ಬಂದು ನಿಜಾಮನ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ಪೊಲೀಸ್ ಆ್ಯಕ್ಷನ್ ಆದ ಮೇಲೆ ಏನಾಯಿತು ಎಂದು ನೋಡಲು ನೆಹರೂ ಕಳಿಸಿದ ಸುಂದರಲಾಲ್ ಸಮಿತಿ, ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತ್ತಂತೆ. ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು, ಬೀದರ್ ಇನ್ನೊಂದು. ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಅಜ್ಜಿ ಅದರ ಬಗ್ಗೆ ಏನೂ ಹೇಳಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲವೇ? ಅದೇ ಊರು, ಅದೇ ಓಣಿ. ದರ್ಗಾದ ಹಿಂದಿನ ಓಣಿಯಲ್ಲಿ ಯಾವುದೋ ಇನ್ನೊಂದು ಅಜ್ಜಿ ಮೊಮ್ಮಕ್ಕಳಿಗೆ ಆ ಅರ್ಧ ಕಥೆ ಹೇಳಿ ಈ ಅರ್ಧ ನುಂಗಿರಬಹುದು. ನನ್ನ ಅಜ್ಜಿ ಸುಳ್ಳುಗಾತಿಯಲ್ಲ. ಸತ್ತವರು ಯಾರ ಪೈಕಿ ಎಂದು ತಿಳಿದ ಮೇಲೆ ಎಷ್ಟು ನೆನಪಿಟ್ಟುಕೊಳ್ಳಬೇಕು ಎಂಬುದೂ ತಾನಾಗಿ ತೀರ್ಮಾನವಾಗಿರಬೇಕು.

ಈಗೇನು, ಪೇಪರ್ ತರಿಸುವುದು ಬಿಟ್ಟೆನೇ? ಇಲ್ಲ. ಬೆಂಚೂ ಇದೆ, ಪ್ರಶ್ನೆಯೂ ಇದೆ. ಕೇಳಬ್ಯಾಡ್ರಿ ಎಂದು ಗಿರಾಕಿಗಳಿಗೆ ಉಪದೇಶ ಮಾಡಿದರೆ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾರೆ. ನಾನು ಮಾಡುತ್ತಿರುವುದು ಇಷ್ಟೇ: ಯಾರಾದರೂ ಕೇಳಿದಾಗ ಮಷೀನಿನ ಕಡೆ ತಿರುಗಿ ಕೆಲಸವಿದ್ದವನಂತೆ ನಟಿಸುತ್ತೇನೆ. ದೊಡ್ಡ ಸಾಧನೆಯೇನಲ್ಲ. ಮೆಸೇಜು ದಾಟಿಸುವ ಮುಂಚೆ ಕಳಿಸಿದವರಿಗೆ ಫೋನ್ ಮಾಡಿ "ನೀ ಎಲ್ಲಿ ನೋಡಿದಿ?" ಎಂದು ಕೇಳುತ್ತೇನೆ. ಅದರಿಂದ ಇಬ್ಬರು ನಂಟರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ಹೋದ ತಿಂಗಳ ತಾರೀಖಿಗೆ ಆ ತಾಯಿ ಮತ್ತೆ ಬಂದಿದ್ದಳು. ಒಬ್ಬ ಸಾಕ್ಷಿ ಉಲ್ಟಾ ಹೊಡೆದಿದ್ದಾನೆ ಎಂದು ಗುಮಾಸ್ತ ಹೇಳಿದ. ಅವಳಿಗೆ ಅದು ಎಷ್ಟು ತಿಳಿಯಿತೋ. ಬೆಂಚಿನ ತುದಿಯಲ್ಲಿ ಕೂತು ನೀರು ಕುಡಿದು, ಗುಮಾಸ್ತನನ್ನು ಕೇಳಿದಳು:

"ಸಾಹೇಬ್ರ, ಆ ಡಬ್ಬಿ ಯಾವಾಗ ಕೊಡ್ತಾರ್ರಿ?"

"ಅದು ಮುದ್ದೆಮಾಲು ಆಗ್ಯಾದ. ಕೇಸು ಮುಗಿಯೋತನಕ ಕೊಡಂಗಿಲ್ಲ."

"ಅದರ ಜೋಡಿಂದು ಇನ್ನೊಂದು ಮನ್ಯಾಗ ಅದ," ಎಂದಳು. "ಸಣ್ಣಾಂವ ಈಗ ಗಂಜಿಗಿ ಹೋಗ್ತಾನ. ಅದರಾಗೇ ಕಟ್ಟಿ ಕೊಡ್ತೀನಿ."

ಬೆಂಚಿನ ಮೇಲಿದ್ದ ಯಾರೋ ಪೇಪರ್ ಮಡಚಿ ಅವಳಿಗೆ ಜಾಗ ಬಿಟ್ಟರು. ಆಳಂದ ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು.